ಒರೆಗಲ್ಲು ಯಾರ ಕೈಯಲ್ಲಿ?

ಸಂಶೋಧನಾ ಲೇಖನ ಅಚ್ಚಾಗುವ ಮೊದಲು ಆ ವಿಷಯ ಬಲ್ಲವರು ಅದನ್ನು ಓದಿ ತಪ್ಪು-ಒಪ್ಪು ಹೇಳುವುದೇ ಪೀರ್ ರಿವ್ಯೂ, ಅಂದರೆ ಸಮಾನಸ್ಕಂಧರ ಪರಿಶೀಲನೆ. ಭೌತವಿಜ್ಞಾನದಲ್ಲಿ ಸಮಾನಸ್ಕಂಧರು ಯಾರೆಂದು ಹೆಚ್ಚು ಹುಡುಕಬೇಕಿಲ್ಲ. ಆದರೆ ಶಾಲೆ, ವಿಶ್ವವಿದ್ಯಾಲಯ ಎರಡೂ ಕೂಡಿ ಮಾಡಿದ ಕೆಲಸಕ್ಕೆ ಸಮಾನಸ್ಕಂಧರು ಪ್ರಾಧ್ಯಾಪಕರೋ, ಮೇಷ್ಟರೋ? ಶಾಲೆ-ವಿಶ್ವವಿದ್ಯಾಲಯ ಪಾಲುದಾರಿಕೆಯ ಈ ಕ್ಷೇತ್ರ ನೂರಕ್ಕೂ ಹೆಚ್ಚು ವರ್ಷಗಳಿಂದ ಇದೇ ಪ್ರಶ್ನೆಯ ಸುತ್ತ ಬೆಳೆದಿದೆ.

ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ತೆರೆದ ಪ್ರಯೋಗಶಾಲೆ ಷಿಕಾಗೊ ವಿಶ್ವವಿದ್ಯಾಲಯದ ಭಾಗವೇ ಆಗಿತ್ತು. 1930ರ ದಶಕದಲ್ಲಿ ಅಮೆರಿಕದ ಸುಮಾರು 30 ಪ್ರೌಢಶಾಲೆಗಳು ಕಾಲೇಜು ಪ್ರವೇಶದ ಕಟ್ಟಳೆ ಬಿಟ್ಟು ತಮ್ಮದೇ ಪಠ್ಯಕ್ರಮ ಕಟ್ಟಿಕೊಂಡವು. ಈ 'ಎಂಟು ವರ್ಷಗಳ ಅಧ್ಯಯನ'ದ ಮೌಲ್ಯಮಾಪನವನ್ನು ರಾಲ್ಫ್ ಟೈಲರ್ ಮುನ್ನಡೆಸಿದರು. ಆ ಶಾಲೆಗಳಿಂದ ಬಂದ 1,475 ವಿದ್ಯಾರ್ಥಿಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಶಾಲೆಯಿಂದ ಬಂದ ಒಬ್ಬ ಜೋಡಿಯನ್ನು ಹುಡುಕಿ ಹೋಲಿಸಲಾಯಿತು. ಹೊಸ ಹಾದಿಯ ಮಕ್ಕಳು ಕಾಲೇಜಿನಲ್ಲಿ ಹಿಂದೆ ಬೀಳಲಿಲ್ಲ.

1953ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಕೋರಿ, ಶಿಕ್ಷಕರೇ ತಮ್ಮ ಶಾಲೆಯನ್ನು ಸಂಶೋಧಿಸಬೇಕೆಂದರು. ಮೇಷ್ಟರಿಗೆ ಸಂಶೋಧನೆಯ ತರಬೇತಿ ಎಲ್ಲಿದೆ ಎಂಬ ಟೀಕೆ ಬೇಗನೆ ಬಂತು. ಅದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧವನ್ನು ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ ಹೇಳಿದರು: ಪಠ್ಯಕ್ರಮದ ಯಾವ ಸಲಹೆಯನ್ನಾದರೂ ಶಿಕ್ಷಕರು ತರಗತಿಯಲ್ಲಿ ಒರೆಗೆ ಹಚ್ಚಿ ನೋಡಬೇಕು. ಈ ಕ್ಷೇತ್ರದ ಅತಿ ದೊಡ್ಡ ತಿರುವು ಇದೇ ಎಂದು ನನ್ನ ಎಣಿಕೆ.

ಶಿಕ್ಷಕರ ತರಬೇತಿಯ ಸುಧಾರಣೆ ಕುರಿತ 1986ರ ಹೋಮ್ಸ್ ಗ್ರೂಪ್ ವರದಿಯ ಬಳಿಕ ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳ ಜೊತೆ ದುಡಿಯುವ ಪಾಲುದಾರ ಶಾಲೆಗಳು ಹೆಚ್ಚಿದವು. 2007ರಲ್ಲಿ ಈ ವಿಷಯಕ್ಕೆಂದೇ ಪತ್ರಿಕೆಯೊಂದು ಹೊರಟಿತು. ಕೆಲಸ ಮಾಡಿದವರೇ ಬರೆದ ಯಶೋಗಾಥೆಗಳ ನಡುವೆ ಕಾಳು-ಜೊಳ್ಳು ಬೇರ್ಪಡಿಸುವುದು ಹೇಗೆ? ಗ್ಯಾರಿ ಆಂಡರ್ಸನ್, ಕ್ಯಾಥರಿನ್ ಹೆರ್ ಅವರು ಶಿಕ್ಷಕ-ಸಂಶೋಧನೆಗೆ ಬೇರೆ ಮಾನದಂಡಗಳನ್ನೇ ಸೂಚಿಸಿದರು: ಸಮಸ್ಯೆ ಬಗೆಹರಿಯಿತೇ, ಅದರಲ್ಲಿ ಪಾಲಿರುವ ಎಲ್ಲರ ದನಿಯೂ ಸೇರಿತೇ, ಬಲ್ಲವರ ಜೊತೆ ಚರ್ಚೆಯಾಯಿತೇ?

ಪರಿಶೀಲಕರಿಂದ ಲೇಖಕರ ಹೆಸರು ಮರೆಮಾಡುವ ಪದ್ಧತಿಯೂ ಇಲ್ಲಿ ತೊಡಕೇ. ಹಸ್ತಪ್ರತಿಯಲ್ಲಿ 'ಎಕ್ಸ್ ಶಾಲೆ' ಎಂದಿರುತ್ತದೆ. ಮುಂದಿನ ಸಾಲಿನಲ್ಲೇ ಊರಿನ ನದಿ, ಮುಚ್ಚಿಹೋದ ಕಾರ್ಖಾನೆ, ಹತ್ತು ವರ್ಷದ ಒಡಂಬಡಿಕೆ. ಈ ವಿವರ ತೆಗೆದರೆ ಲೇಖನದ ಜೀವವೇ ಹೋಗುತ್ತದೆ. ಉಳಿಸಿದರೆ ಪರಿಶೀಲಕರು ಲೇಖಕರನ್ನು ಗುರುತಿಸುತ್ತಾರೆ.

ನಮ್ಮಲ್ಲಿ ಮರೆಯಬಾರದ ಉದಾಹರಣೆ ಮಧ್ಯಪ್ರದೇಶದ ಹೊಶಂಗಾಬಾದ್ ವಿಜ್ಞಾನ ಕಾರ್ಯಕ್ರಮ. 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ಇದಕ್ಕೆ ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಕೈಜೋಡಿಸಿದರು. ಹಳ್ಳಿಯ ಶಿಕ್ಷಕರು ಮಾಸಿಕ ಸಭೆಗೆ ಬಂದು ಯಾವ ಪ್ರಯೋಗ ನಡೆಯಿತು, ಯಾವುದು ಕೈಕೊಟ್ಟಿತು ಎಂದು ಹೇಳುತ್ತಿದ್ದರು. ತರಗತಿಯ ಅನುಭವದ ಮೇಲೆ 'ಬಾಲ ವೈಜ್ಞಾನಿಕ' ಪುಸ್ತಕ ತಿದ್ದುಪಡಿಯಾಗುತ್ತಿತ್ತು. ಯಾರೂ ಅದನ್ನು ಪೀರ್ ರಿವ್ಯೂ ಎಂದು ಕರೆಯಲಿಲ್ಲ. ನನಗೆ ಅದಕ್ಕಿಂತ ನಿಜವಾದ ಪರಿಶೀಲನೆ ಕಾಣದು. 2002ರಲ್ಲಿ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು.

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದಲ್ಲಿ ಪ್ರಾತ್ಯಕ್ಷಿಕೆ ಶಾಲೆಯಿದೆ. ಶಿಕ್ಷಕರೂ ಸೇರಿದ ಪರಿಶೀಲನೆಯನ್ನು, ಒಂದೇ ಆವರಣದಲ್ಲಿ ಎರಡೂ ಲೋಕಗಳಿರುವ ಇಂಥ ಕಡೆಯಿಂದ ಆರಂಭಿಸಬಹುದು. ಕನ್ನಡ ಶಾಲೆಯ ಕುರಿತ ಲೇಖನವನ್ನು ಇಂಗ್ಲಿಷ್ ಪತ್ರಿಕೆಗೆ ಕಳಿಸುವ ಮುನ್ನ ಅದರ ಕನ್ನಡ ಪ್ರತಿಯೊಂದು ಆ ಶಾಲೆಯ ಶಿಕ್ಷಕಿಯ ಮೇಜಿಗೆ ಹೋಗಲಿ. ಅಂಚಿನಲ್ಲಿ ಅವರು "ಆ ದಿನ ಅರ್ಧ ಮಕ್ಕಳು ಬಂದಿರಲಿಲ್ಲ" ಎಂದು ಗೀಚಿದರೆ, ಕೋಷ್ಟಕವನ್ನು ಮತ್ತೆ ಲೆಕ್ಕಹಾಕಬೇಕಾದೀತು.