ನೊಂದವರ ‘ನಾನು’

1923ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಮನಸ್ಸಿನ ಒಂದು ಅಂಶಕ್ಕೆ ಆರಿಸಿಕೊಂಡ ಹೆಸರು ಜರ್ಮನ್ ಮನೆಮಾತಿನ ‘ಇಷ್’, ಎಂದರೆ ‘ನಾನು’. ಇಂಗ್ಲಿಷಿನಲ್ಲಿ ಅದು ಲ್ಯಾಟಿನ್ನಿನ ‘ಈಗೋ’ ಆಯಿತು, ಕನ್ನಡದಲ್ಲಿ ‘ಅಹಂ’. ಸಂಸ್ಕೃತದ ‘ಅಹಂ’ಗೂ ‘ನಾನು’ ಎಂದೇ ಅರ್ಥ. ನಮ್ಮ ಕಿವಿಗೆ ಮಾತ್ರ ಅದು ಗರ್ವ.

1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು. ಇಂದಿನ ನಿಮ್ಹಾನ್ಸಿನ ಮೂಲಗಳಲ್ಲಿ ಅದೊಂದು. ಅಲ್ಲಿ ಪಾಠ ಇಂಗ್ಲಿಷಿನದು, ಎಷ್ಟೋ ಮಂದಿಯ ನೋವು ಕನ್ನಡದ್ದು. ಈ ಅಂತರವನ್ನು ಕಿರಿದು ಮಾಡಿದವರಲ್ಲಿ ಡಾ. ಎಂ. ಶಿವರಾಂ ಒಬ್ಬರು, ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು.

ಖಿನ್ನತೆಯುಳ್ಳವರ ಮಾತಿನಲ್ಲಿ ‘ನಾನು’ ಹೆಚ್ಚೆಂದು ಇಂಗ್ಲಿಷ್ ಬಲ್ಲವರು ಎಣಿಸಿ ಹೇಳಿದ್ದಾರೆ. ವ್ಯಾಕರಣ ಕಲಿಸಿದ ನನಗೆ ಕನ್ನಡದಲ್ಲಿ ಈ ಎಣಿಕೆ ಸಾಲದೆನಿಸುತ್ತದೆ. ‘ನನಗೆ ನಿದ್ದೆ ಬರಲಿಲ್ಲ’ ಎಂಬಲ್ಲಿ ಕರ್ತೃ ನಿದ್ದೆ. ನೊಂದ ಜೀವ ಚತುರ್ಥಿಯಲ್ಲಿ ಒರಗಿರುತ್ತದೆ. ಎಷ್ಟೋ ಸಲ ಆ ‘ನನಗೆ’ಯೂ ಉದುರಿಹೋಗುತ್ತದೆ.

ನಮ್ಮ ಯಸಳೂರು ಸೀಮೆಯ ಗೃಹಿಣಿಗೆ ಗಂಡ ‘ನಮ್ಮನೆಯವರು’, ಕಷ್ಟವೂ ‘ನಮ್ಮನೆ ಕಷ್ಟ’. ಆ ‘ನಾವು’ ಆಕೆಗೆ ಆಸರೆಯೂ ಹೌದು, ಮರೆಯೂ ಹೌದು. ‘ನಿಮ್ಮದನ್ನಷ್ಟೇ ಹೇಳಿ’ ಎಂದು ಅವಸರಿಸುವ ಆಪ್ತಸಲಹೆಗಾರ ಮರೆಯೊಡನೆ ಆಸರೆಯನ್ನೂ ಕಿತ್ತಾನು. ಕಾದು ಕೇಳಿದರೆ, ಆಕೆಯೇ ಒಂದು ದಿನ ‘ನನಗೆ’ ಎಂದಾಳು. ಆ ವಿಭಕ್ತಿಯನ್ನು ಗುರುತಿಸುವ ಕಿವಿ ಬೇಕು.