ಒಂಟಿ ರಂಧ್ರದ ತೋಟೆ

ಬಂದೂಕಿನಲ್ಲಿ ಒಮ್ಮೆ ಹಾರಿಸಿ ಖಾಲಿಯಾದ ತೋಟೆಯ ಹಿತ್ತಾಳೆ ಕವಚವನ್ನು ಎಸೆಯದೆ, ಅದಕ್ಕೆ ಹೊಸ ಕೇಪು, ಮದ್ದು ಮತ್ತು ಗುಂಡನ್ನು ಕೂಡಿಸಿ ಮತ್ತೆ ಬಳಸುವ ರೂಢಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದಲ್ಲಿ ಆಳವಾಗಿ ಬೇರೂರಿತು. ಯುರೋಪಿನಲ್ಲಿ ಅದು ಅಷ್ಟು ವ್ಯಾಪಕವಾಗಿ ಹಬ್ಬಲಿಲ್ಲ. ಈ ವ್ಯತ್ಯಾಸಕ್ಕೆ ಹಣ, ದೂರ, ಕಾನೂನುಗಳೆಲ್ಲ ಕಾರಣವಾಗಿದ್ದರೂ, ತೋಟೆಯ ಬುಡದಲ್ಲಿ ಕೊರೆದ ರಂಧ್ರ ಒಂದೋ ಎರಡೋ ಎಂಬ ಕ್ಷುಲ್ಲಕವೆನಿಸುವ ಸಂಗತಿಯ ಪಾಲೂ ಕಡಿಮೆಯದಲ್ಲ.

1857ರಲ್ಲಿ ಭಾರತದ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ಬಂದೂಕಿನ ತೋಟೆಯೆಂದರೆ ಮದ್ದು ಮತ್ತು ಗುಂಡನ್ನು ಸುತ್ತಿಟ್ಟ ಕಾಗದದ ಪೊಟ್ಟಣವಷ್ಟೆ. ಅದನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಯ ಬಾಯಿಯಿಂದ ಸುರಿಯಬೇಕಿತ್ತು, ಆದ್ದರಿಂದ ಮರುಬಳಕೆಗೆ ಉಳಿಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅದೇ ಎನ್‌ಫೀಲ್ಡ್ ಬಂದೂಕುಗಳನ್ನು ಹಿಂಬದಿಯಿಂದ ತುಂಬುವ ಸ್ನೈಡರ್ ಮಾದರಿಗೆ ಪರಿವರ್ತಿಸಿದಾಗ, ಅವುಗಳಿಗಾಗಿ 1866ರಲ್ಲಿ ಹೊಸ ತೋಟೆಯನ್ನು ರೂಪಿಸಿದವನು ವುಲ್ವಿಚ್‌ನ ಶಸ್ತ್ರಾಗಾರದಲ್ಲಿದ್ದ ಅಧಿಕಾರಿ ಎಡ್ವರ್ಡ್ ಬಾಕ್ಸರ್. ಪೆಟ್ಟು ಬಿದ್ದೊಡನೆ ಕಿಡಿ ಕಾರುವ ರಾಸಾಯನಿಕವನ್ನು ತುಂಬಿದ ಪುಟ್ಟ ಲೋಹದ ಬಟ್ಟಲೇ ಕೇಪು. ಆ ಪೆಟ್ಟಿಗೆ ಎದುರಾಗಿ, ಕಮ್ಮಾರನ ಅಡಿಗಲ್ಲಿನಂತೆ, ಗಟ್ಟಿಯಾದದ್ದೊಂದು ಒಳಗೆ ಇರಲೇಬೇಕು. ಬಾಕ್ಸರ್ ಆ ಅಡಿಗಲ್ಲನ್ನು ಕೇಪಿನೊಳಗೇ ಕೂರಿಸಿ, ಕಿಡಿಯು ಮದ್ದಿಗೆ ತಲುಪಲು ನಟ್ಟನಡುವೆ ಒಂದೇ ರಂಧ್ರ ಬಿಟ್ಟನು. ಅದೇ ವರ್ಷ ನ್ಯೂಯಾರ್ಕಿನ ಹೈರಮ್ ಬರ್ಡಾನ್ ಪೇಟೆಂಟ್ ಪಡೆದ ತೋಟೆಯಲ್ಲಿ ಅಡಿಗಲ್ಲು ಕವಚದ ಬುಡದ ಭಾಗವೇ ಆಗಿದ್ದುದರಿಂದ, ನಡುವಿನ ಜಾಗವನ್ನು ಅದು ಆಕ್ರಮಿಸಿ, ಕಿಡಿಯ ರಂಧ್ರಗಳು ಅದರ ಪಕ್ಕಗಳಿಗೆ ಸರಿದವು.

ಒಂಟಿ ರಂಧ್ರದ ಕವಚದಲ್ಲಿ ಬಾಯಿಯಿಂದ ತೆಳು ಕಡ್ಡಿಯೊಂದನ್ನು ಇಳಿಸಿ ಒತ್ತಿದರೆ ಸುಟ್ಟ ಕೇಪು ಕೆಳಗೆ ಉದುರುತ್ತದೆ. ಬರ್ಡಾನ್ ಕವಚದಲ್ಲಿ ಕಡ್ಡಿ ಅಡಿಗಲ್ಲಿಗೇ ತಾಗಿ ನಿಲ್ಲುವುದರಿಂದ ಕೇಪನ್ನು ಹೊರಗಿನಿಂದ ಕೊಕ್ಕೆಯಿಂದ ಮೀಟಬೇಕು, ಇಲ್ಲವೇ ಕವಚದೊಳಗೆ ನೀರು ತುಂಬಿ, ಬಿಗಿಯಾದ ಸರಳಿನಿಂದ ಗುದ್ದಿ, ನೀರಿನ ಒತ್ತಡದಿಂದ ಹೊರತಳ್ಳಬೇಕು. ಆಂಗ್ಲನ ವಿಧಾನ ಅಮೆರಿಕದಲ್ಲಿಯೂ ಅಮೆರಿಕನ್ನನ ವಿಧಾನ ಯುರೋಪಿನಲ್ಲಿಯೂ ನೆಲೆಯೂರಿದ್ದು ಇತಿಹಾಸದ ಒಂದು ಚೇಷ್ಟೆಯೆನ್ನಬೇಕು.

ಅಮೆರಿಕದ ಸೈನ್ಯವೇ 1882ರಲ್ಲಿ ಮರುತುಂಬಬಹುದಾದ ಕವಚವನ್ನು ಒಪ್ಪಿಕೊಂಡು, ಗುರಿಯಭ್ಯಾಸದ ಖರ್ಚನ್ನು ತಗ್ಗಿಸಲು ತುಕಡಿಗಳಿಗೆ ತುಂಬುವ ಸಲಕರಣೆಗಳನ್ನು ಒದಗಿಸಿತು. ಎರಡು ವರ್ಷಗಳ ತರುವಾಯ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಜಾನ್ ಬಾರ್ಲೋ ಸ್ಥಾಪಿಸಿದ ಐಡಿಯಲ್ ಕಂಪನಿಯು ಇಕ್ಕಳದ ಆಕಾರದ ಕೈಯುಪಕರಣಗಳನ್ನು ಮಾರಿತು. ಹಳೆಯ ಕೇಪು ತೆಗೆಯುವುದು, ಹೊಸದನ್ನು ಕೂರಿಸುವುದು, ಗುಂಡನ್ನು ಕವಚದ ಬಾಯಿಗೆ ಇಳಿಸುವುದು ಇವೆಲ್ಲವೂ ಅವುಗಳಿಂದಲೇ ಸಾಧ್ಯವಾಗುತ್ತಿದ್ದು, ಕೆಲವು ಮಾದರಿಗಳಲ್ಲಿ ಸೀಸ ಕರಗಿಸಿ ಗುಂಡು ಎರೆಯುವ ಅಚ್ಚೂ ಸೇರಿತ್ತು. ಅಂಗಡಿಯಿಂದ ಬಹುದೂರ ಬದುಕುತ್ತಿದ್ದ ಬೇಟೆಗಾರನಿಗೆ ಇದು ಮಿತವ್ಯಯದ ಸಾಧನವಾಗಿತ್ತು.

ಆದರೆ ಮಿತವ್ಯಯವಷ್ಟೇ ಈ ರೂಢಿಯನ್ನು ಹವ್ಯಾಸವಾಗಿಸಿತೆಂದು ಭಾವಿಸುವುದು ಸರಿಯಲ್ಲ. 1874ರಲ್ಲಿ ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ 800, 900 ಮತ್ತು 1000 ಗಜಗಳಿಂದ ಗುರಿಯಿಟ್ಟು, ನಳಿಗೆಯ ಬಾಯಿಯಿಂದ ತುಂಬುವ ಬಂದೂಕು ಹಿಡಿದ ಐರಿಷ್ ತಂಡವನ್ನು ಅಮೆರಿಕನ್ನರು 934–931 ಅಂಕಗಳಿಂದ ಸೋಲಿಸಿದ ಮೇಲೆ, ತೋಟೆಯಿಂದ ತೋಟೆಗೆ ಕಾಣುವ ಸೂಕ್ಷ್ಮ ವ್ಯತ್ಯಾಸವೂ ಗುರಿಕಾರರಿಗೆ ಲೆಕ್ಕಕ್ಕೆ ಬಂದಿತು. ಜರ್ಮನ್ ವಲಸಿಗರು ಬೆಳೆಸಿದ ಶುಟ್ಜೆನ್ ಎಂಬ ಗುರಿಕೂಟಗಳಲ್ಲಿ ಸ್ಪರ್ಧಿಯು ಅನೇಕ ವೇಳೆ ದಿನವಿಡೀ ಒಂದೇ ಕವಚವನ್ನು ಬಳಸುತ್ತಿದ್ದನು: ಹಾರಿಸಿದ ಕವಚವನ್ನು ಪಕ್ಕದ ಮೇಜಿನ ಮೇಲೆ ತಾನೇ ತುಂಬಿ, ಮತ್ತೆ ಅದನ್ನೇ ಹಾರಿಸುವುದು ಅಲ್ಲಿಯ ಕ್ರಮವಾಗಿತ್ತು. ಕಾಸು ಉಳಿಸುವ ಕೆಲಸ ಇಲ್ಲಿ ಏಕರೂಪತೆಯ ಸಾಧನೆಯಾಗಿ ಮಾರ್ಪಟ್ಟಿತ್ತು.

1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಹೊಗೆರಹಿತ ಮದ್ದು ಹೊಸ ತೊಡಕನ್ನು ತಂದಿತು. ಕೇಪಿನ ರಾಸಾಯನಿಕದಲ್ಲಿದ್ದ ಪಾದರಸವು ಕರಿಮದ್ದಿನ ಕಾಲದಲ್ಲಿ ಮಸಿಯೊಡನೆ ಬಹುಪಾಲು ಹೊರಹೋಗುತ್ತಿದ್ದರೆ, ಈಗ ನೇರವಾಗಿ ಹಿತ್ತಾಳೆಗೆ ಅಂಟಿ ಕವಚವನ್ನು ಪೆಡಸಾಗಿಸತೊಡಗಿತು. ಪಾದರಸವನ್ನು ಕೈಬಿಟ್ಟು ಮಾಡಿದ ಕೇಪುಗಳು ನಳಿಗೆಯಲ್ಲಿ ಲವಣ ಉಳಿಸಿ ತುಕ್ಕು ಹಿಡಿಸಿದವು. 1920ರ ದಶಕದಲ್ಲಿ ಬಂದ ಸೀಸದ ಸಂಯುಕ್ತದ ಕೇಪುಗಳು ಈ ಎರಡೂ ತೊಂದರೆಗಳನ್ನು ನಿವಾರಿಸಿದವು.

ಕಾರ್ಖಾನೆಗಳು ತೋಟೆ ಮಾಡುವುದನ್ನು ನಿಲ್ಲಿಸಿದ ಪುರಾತನ ಬಂದೂಕುಗಳ ವಿಷಯದಲ್ಲಿ ಈ ಕಸುಬು ಬಹುಮಟ್ಟಿಗೆ ಅನಿವಾರ್ಯವಾಯಿತು. 2003ರಲ್ಲಿ ನೇಪಾಳದ ಹಳೆಯ ಶಸ್ತ್ರಾಗಾರದಿಂದ ಅಮೆರಿಕದ ವ್ಯಾಪಾರಿಗಳು ಕೊಂಡ ರಾಶಿಯಲ್ಲಿ 1871ರಲ್ಲಿ ಬ್ರಿಟಿಷ್ ಸೈನ್ಯ ಅಂಗೀಕರಿಸಿದ ಮಾರ್ಟಿನಿ–ಹೆನ್ರಿ ಬಂದೂಕುಗಳೂ ಇದ್ದವು. ಅವುಗಳ ಮೊದಲ ತೋಟೆ ಬಾಕ್ಸರನ ಪದ್ಧತಿಯದೇ ಆಗಿದ್ದರೂ, ಅದರ ಕವಚವನ್ನು ತೆಳು ಹಿತ್ತಾಳೆಯ ಹಾಳೆ ಸುತ್ತಿ ಮಾಡುತ್ತಿದ್ದುದರಿಂದ ಅದು ಮರುಬಳಕೆಗೆ ತಕ್ಕುದಾಗಿರಲಿಲ್ಲ. ಆದಕಾರಣ ಇಂದಿನ ಹವ್ಯಾಸಿಗಳು ಚರೆ ಕೋವಿಗೆಂದು ತಯಾರಾಗುವ ಹಿತ್ತಾಳೆಯ ಕವಚವನ್ನು ತೆಗೆದುಕೊಂಡು, ಅಚ್ಚಿನಲ್ಲಿ ಹಂತಹಂತವಾಗಿ ಕತ್ತು ಕಿರಿದಾಗುವಂತೆ ಒತ್ತಿ, ಆ ಬಂದೂಕಿನ ಅಳತೆಗೆ ಹೊಂದಿಸಿಕೊಳ್ಳುತ್ತಾರೆ.