ಅಜ್ಜನಿಗೆ ಬಾಯಿ ಕ್ಯಾನ್ಸರ್, ಜೊತೆಗೆ ಶುಗರ್-ಬಿಪಿ: ಚಿಕಿತ್ಸೆ ಮಾಡಿಸಬೇಕಾ? ಮನೆಯವರು ತಿಳಿದಿರಬೇಕಾದ ವಿಷಯಗಳು

ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕೋ ಹಿರಿಯರು ನಮ್ಮ ತಾಲ್ಲೂಕಿನಲ್ಲಿ ಬಹಳ. ಕೆನ್ನೆಯೊಳಗೆ ಹುಣ್ಣಾದರೆ ‘ಉಷ್ಣ ಆಗಿದೆ’ ಅಂತ ತಿಂಗಳುಗಟ್ಟಲೆ ಕಳೀತಾರೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಾಯಿ ಸರಿಯಾಗಿ ತೆರೆಯಲ್ಲ, ಕುತ್ತಿಗೆಯಲ್ಲಿ ಗಂಟು ಬಂದಿರುತ್ತೆ. ಆಗ ಮನೆಯವರ ಮುಂದೆ ನಿಲ್ಲೋ ಪ್ರಶ್ನೆ ಒಂದೇ: ಈ ವಯಸ್ಸಲ್ಲಿ ಚಿಕಿತ್ಸೆ ಬೇಕಾ?

ನಾಲ್ಕನೇ ಹಂತ ಅಂದ್ರೆ ಮುಗೀತು ಅಂತಲ್ಲ

ಬಾಯಿ ಕ್ಯಾನ್ಸರ್ ದವಡೆ ಮೂಳೆಗೆ ಇಳಿದರೂ ಅದನ್ನು ನಾಲ್ಕನೇ ಹಂತ ಅಂತಲೇ ಬರೀತಾರೆ. ಆದರೆ ಶ್ವಾಸಕೋಶದಂಥ ದೂರದ ಅಂಗಕ್ಕೆ ಹರಡಿಲ್ಲದಿದ್ದರೆ, ಇಂಥ ಎಷ್ಟೋ ಜನರಿಗೆ ಗುಣಪಡಿಸುವ ಉದ್ದೇಶದಿಂದಲೇ ಆಪರೇಷನ್ ಮಾಡಬಹುದು. ಆದ್ದರಿಂದ ರಿಪೋರ್ಟ್ ನೋಡಿ ಎದೆಗುಂದಬೇಡಿ. ‘ಆಪರೇಷನ್ ಆಗುತ್ತಾ? ಹರಡಿದೆಯಾ?’ ಅಂತ ಡಾಕ್ಟರನ್ನು ನೇರವಾಗಿ ಕೇಳಿ.

ವಯಸ್ಸಿಗಿಂತ ಮುಖ್ಯ ಮೈಯ ಶಕ್ತಿ

ಎಪ್ಪತ್ತೈದಾದರೂ ಓಡಾಡಿಕೊಂಡು, ತಮ್ಮ ಕೆಲಸ ತಾವೇ ಮಾಡಿಕೊಳ್ಳೋರು ದೊಡ್ಡ ಚಿಕಿತ್ಸೆ ತಡೆದುಕೊಳ್ಳಬಹುದು. ಅರವತ್ತೈದಕ್ಕೇ ಹಾಸಿಗೆ ಹಿಡಿದವರಿಗೆ ಅದು ಕಷ್ಟ. ಹೃದಯದ ಎಕೋ, ಕಿಡ್ನಿ ಪರೀಕ್ಷೆ, ಶುಗರ್ ಮಟ್ಟ, ತೂಕ ನೋಡಿ ತೀರ್ಮಾನ ಮಾಡ್ತಾರೆ.

ಚಿಕಿತ್ಸೆ ಹೇಗೆ ಬದಲಾಗುತ್ತೆ?

ಆಪರೇಷನ್: ಗಡ್ಡೆ, ಬೇಕಿದ್ದರೆ ದವಡೆಯ ಭಾಗ, ಕುತ್ತಿಗೆಯ ಗಂಟು ತೆಗೀತಾರೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಬೇಗ ಮಾಯಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸೋ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನು ಕೇಳಲೇಬೇಕು.

ರೇಡಿಯೇಷನ್: ಜನ ‘ಕರೆಂಟ್’ ಅಂತಾರೆ. ಪೂರ್ತಿ ಚಿಕಿತ್ಸೆಗೆ ಸುಮಾರು ಆರು ವಾರ, ವಾರಕ್ಕೆ ಐದು ದಿನ. ನಿಶ್ಶಕ್ತರಿಗೆ ನೋವು, ರಕ್ತಸ್ರಾವ ತಗ್ಗಿಸಲು ಕೆಲವೇ ದಿನಗಳ ಕೋರ್ಸ್ ಕೊಡೋದೂ ಉಂಟು. ಶುರುವಿಗೆ ಮೊದಲು ಹಾಳಾದ ಹಲ್ಲು ತೆಗೆಸಬೇಕು. ಆಮೇಲೆ ಕಿತ್ತರೆ ದವಡೆ ಮೂಳೆ ಕೆಡಬಹುದು.

ಕೀಮೋ: ಸಾಮಾನ್ಯವಾಗಿ ಬಳಸೋ ಸಿಸ್ಪ್ಲಾಟಿನ್ ಕಿಡ್ನಿ ಮತ್ತು ಕಿವಿಗೆ ಪೆಟ್ಟು ಕೊಡಬಹುದು. ಎಪ್ಪತ್ತು ದಾಟಿದವರಿಗೆ ರೇಡಿಯೇಷನ್ ಜೊತೆ ಕೀಮೋ ಸೇರಿಸಿದರೆ ಸಿಗೋ ಲಾಭವೂ ಕಡಿಮೆ. ಗುಣವಾಗದ ಹಂತದಲ್ಲಿ ಮನೆಯಲ್ಲೇ ನುಂಗೋ ಕಡಿಮೆ ಡೋಸ್ ಮಾತ್ರೆಗಳಿವೆ: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಸೆಲೆಕಾಕ್ಸಿಬ್. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಸ್ಪ್ಲಾಟಿನ್ ಪಡೆದವರು ಸರಾಸರಿ 6.1 ತಿಂಗಳು ಬದುಕಿದರೆ, ಈ ಮಾತ್ರೆ ಪಡೆದವರು 7.5 ತಿಂಗಳು ಬದುಕಿದರು, ಅಡ್ಡ ಪರಿಣಾಮವೂ ಕಡಿಮೆ ಇತ್ತು. ಆದರೆ ಹೃದ್ರೋಗ, ಕಿಡ್ನಿ ತೊಂದರೆ ಇರೋರು ಡಾಕ್ಟರ್ ಹೇಳದೆ ತಗೊಳ್ಳಬಾರದು. ವಾರದ ಮಾತ್ರೆಯನ್ನು ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ.

ಊಟ ಮತ್ತು ನೋವು

ನುಂಗೋಕೆ ಆಗದಿದ್ದರೆ ಮೂಗಿನ ಟ್ಯೂಬ್ ಮೂಲಕ ಗಂಜಿ, ಹಾಲು, ಸೋಸಿದ ಬೇಳೆ ಕಟ್ಟು ಕೊಡಬಹುದು. ಊಟ ಕಡಿಮೆಯಾದ ಮೇಲೂ ಶುಗರ್ ಮಾತ್ರೆ, ಇನ್ಸುಲಿನ್ ಮೊದಲಿನಷ್ಟೇ ಕೊಟ್ಟರೆ ಶುಗರ್ ಕುಸಿಯುತ್ತೆ. ಡೋಸ್ ಬದಲಿಸಲು ಕೇಳಿ. ನೋವಿಗೆ ಮಾರ್ಫಿನ್ ಮಾತ್ರೆ ಬರೆದರೆ ಹೆದರಬೇಡಿ. ಮಲಬದ್ಧತೆಗೂ ಔಷಧ ಕೇಳಿ ಪಡೆಯಿರಿ.

ಎಲ್ಲಿಗೆ ಹೋಗಬೇಕು?

ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿಂದ ರೆಫರಲ್ ಚೀಟಿ ಪಡೆದು ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಹೋಗಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಆಧಾರ್, ರೇಷನ್ ಕಾರ್ಡ್, ಹಳೇ ಮಾತ್ರೆ ಚೀಟಿ ಎಲ್ಲಾ ತಗೊಂಡು ಹೋಗಿ. ಕೊನೆಯ ದಿನಗಳ ಆರೈಕೆಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ಹಣ ತಗೊಳ್ಳಲ್ಲ.

ಅಂಗಡಿಯವರಿಗೆ ಒಂದು ಮಾತು

ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧ ಆಗಿದೆ. ಪಾನ್ ಮಸಾಲ, ತಂಬಾಕು ಎರಡು ಪ್ಯಾಕೆಟ್ ಮಾಡಿ ಕೊಟ್ಟರೂ ಬಾಯೊಳಗೆ ಹೋಗೋದು ಅದೇ. ಮೆಡಿಕಲ್ ಅಂಗಡಿಯವರೇ, ಮೂರು ವಾರ ಆದರೂ ಮಾಯದ ಹುಣ್ಣಿಗೆ ಮತ್ತೆ ಮತ್ತೆ ಮುಲಾಮು, ನೋವಿನ ಮಾತ್ರೆ ಕೊಡಬೇಡಿ. ಸರ್ಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರ್ ಹತ್ರ ಕಳಿಸಿ. ಅಷ್ಟು ಮಾಡಿದರೂ ಒಂದು ಮನೆಯ ಹಿರಿಯರು ಉಳೀಬಹುದು.